ಮೊಳೆ ಹೊಡೆದ ಪೆಟ್ಟಿಗೆಯ ಗಡಿಯಾರ

ಮಾರ್ಚ್ ೪

ಪ್ರೀತಿಯ ತಮ್ಮನಿಗೆ,

ನಿನ್ನ ಕಾರ್ಡು ತಲುಪಿತು. ಇದ್ದ ಐದು ಸಾಲಿನಲ್ಲಿ ನಾಲ್ಕನ್ನು ನಿನ್ನ ಮಂಡಿನೋವಿಗೆ ಮೀಸಲಿಟ್ಟು, ಕೊನೆಯದನ್ನು ಅಂಚಿಗೆ ಒತ್ತರಿಸಿ, ‘ಲಿಫ್ಟ್ ರಿಪೇರಿಗೆ ಹೋದ ಹಳೇ ಹೋಟೆಲಿನಲ್ಲಿ ಗೋಪುರದ ಹಾಗಿರುವ ಒಂದು ಗಡಿಯಾರ ನೋಡಿದೆ, ನಿನ್ನ ನೆನಪಾಯಿತು’ ಎಂದು ಬರೆದಿದ್ದೀಯಲ್ಲ, ಅಕ್ಕನ ಎದೆಯ ಮೇಲೆ ಸ್ವಲ್ಪವಾದರೂ ದಯೆ ಬೇಡವೇನೋ? ಕಾಲೇಜಿನ ಲ್ಯಾಬಿನಲ್ಲಿ ನಿಂತು ಓದಿದೆ. ಕೈಯಲ್ಲಿದ್ದ ಬೀಕರು ನೆಲಕ್ಕೆ ಹೋಯಿತು. ಹೆದರಬೇಡ, ಅದರಲ್ಲಿದ್ದದ್ದು ಆಮ್ಲವಲ್ಲ, ನನ್ನ ಟೀ. ಇಷ್ಟು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳಿಗೆ ಬೀಕರಿನಲ್ಲಿ ಕುಡಿದರೇ ರಸ.

ಈಗ ಗಮನವಿಟ್ಟು ಓದು. ಗೋಪುರ ಅಂದೆಯಲ್ಲ, ಬಾಗಿಲಿನ ಎರಡೂ ಪಕ್ಕ ಪೆನ್ಸಿಲು ಕೆತ್ತಿದ ಹಾಗೆ ಮೊನಚು ಕಂಬ ಇವೆಯೇ? ಕೆಳಗಿನ ಗಾಜಿನ ಹಿಂಬದಿಗೆ ಬಣ್ಣದ ಚಿತ್ರ ಬರೆದಿದ್ದಾರೆಯೇ? ಬಾಗಿಲು ತೆಗೆದರೆ ಹಿಂದಿನ ಹಲಗೆಗೆ ಅಂಟಿಸಿದ ಮಾಸಲು ಕಾಗದ ಕಾಣುತ್ತದೆಯೇ? ಆ ಕಾಗದವಿದ್ದರೆ ಅದು ಅಮೆರಿಕದ ಕೂಸು, ಅನುಮಾನವೇ ಇಲ್ಲ. ನೂರೈವತ್ತು ವರ್ಷದ ಹಿಂದೆ ಅವರು ಹಿತ್ತಾಳೆ ತಗಡನ್ನು ಬಿಸ್ಕತ್ತಿನ ಹಾಗೆ ಅಚ್ಚೊತ್ತಿ, ಚಕ್ರ ಮಾಡಿ, ಗಡಿಯಾರ ಕಟ್ಟಿ, ಹಡಗುಗಟ್ಟಲೆ ಲೋಕಕ್ಕೆಲ್ಲ ಕಳಿಸಿದರು. ಅರಮನೆಯ ಗೋಡೆಗಲ್ಲ, ನಮ್ಮಂಥವರ ಮನೆಯ ಗೂಡಿಗೆ. ಅದಕ್ಕೇ ಅವುಗಳ ಮೇಲೆ ನನಗೆ ಜೀವ. ಮನೆಯಲ್ಲಿ ಒಂಬತ್ತಾಗಿವೆ. ಕಪ್ಪು ಕಂಬಗಳ ‘ಕರಿಕಂಬ’, ಬೆನ್ನು ಉಬ್ಬಿದ ‘ಟೋಪಿವಾಲ’, ಮರದ ಮೇಲೆಲ್ಲ ಬಳ್ಳಿ ಒತ್ತಿಸಿಕೊಂಡಿರುವ ‘ಅಡುಗೆಮನೆ ಅಜ್ಜಿ’, ಇವರನ್ನೆಲ್ಲ ನೀನು ನೋಡಿದ್ದೀಯ. ಗೋಪುರದ್ದು ಮಾತ್ರ ನನ್ನ ಹಣೆಯಲ್ಲಿ ಬರೆದಿಲ್ಲ. ಸಿಕ್ಕಿದ್ದೆಲ್ಲ ನನ್ನ ಹಾಗೇ ಗಡಿಯಾರದ ಹುಚ್ಚು ಹಿಡಿದ ನಮ್ಮೂರ ಹಲ್ಲು ಡಾಕ್ಟರ ಪಾಲು. ಆ ಮನುಷ್ಯ ಸಮಯಸಾಧಕ, ಎರಡೂ ಅರ್ಥದಲ್ಲಿ. ನಾನು ಹಳೇ ಸಾಮಾನಿನ ಅಂಗಡಿ ತಲುಪುವ ಹೊತ್ತಿಗೆ ಅವರು ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ಹಲ್ಲು ಕಿರಿಯುತ್ತಿರುತ್ತಾರೆ.

ಅವರಿಗೂ ನನಗೂ ಇರುವ ವ್ಯತ್ಯಾಸ ಒಂದೇ. ಅವರು ಕಣ್ಣಿನಿಂದ ಕೊಳ್ಳುವವರು, ನಾನು ಕಿವಿಯಿಂದ. ಗೋಪುರದ ಗಡಿಯಾರದೊಳಗೆ ಸುರುಳಿ ಸುತ್ತಿದ ಒಂದು ದಪ್ಪ ತಂತಿ ಇರುತ್ತದೆ. ಪುಟ್ಟ ಸುತ್ತಿಗೆ ಅದಕ್ಕೆ ತಾಗಿದರೆ, ಬಾವಿಯೊಳಗಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ ನಾದ. ಒಬ್ಬರ ಮನೆಯಲ್ಲಿ ಒಂದೇ ಒಂದು ಸಲ ಕೇಳಿದ್ದೇನೆ. ಅದನ್ನು ಕೂತು, ಕಿವಿಯಾರೆ, ಹನ್ನೆರಡೂ ಪೆಟ್ಟು ಕೇಳಬೇಕು. ಇನ್ನೇನೂ ಬೇಡ ನನಗೆ.

ಅದನ್ನು ಮುಟ್ಟುವ ಪ್ರಸಂಗ ಬಂದರೆ ಒಂದು ಎಚ್ಚರ. ಆ ಜಾತಿಯ ಗಡಿಯಾರಕ್ಕೆ ತೋರಿಸುವ ಬುದ್ಧಿ ಬೇರೆ, ಹೊಡೆಯುವ ಬುದ್ಧಿ ಬೇರೆ. ಮುಳ್ಳು ನಾಲ್ಕು ತೋರಿಸಿ ಗಂಟೆ ಒಂಬತ್ತು ಹೊಡೆಯಬಹುದು. ಹಾಗಾದರೆ ಒಳಗೆ ಎಡಗಡೆ ನೇತಾಡುವ ಸಣ್ಣ ತಂತಿಯನ್ನು ಮೆಲ್ಲಗೆ ಎತ್ತಿ ಎತ್ತಿ ಬಿಡು, ಎರಡೂ ಒಪ್ಪಂದಕ್ಕೆ ಬರುವವರೆಗೆ ಹೊಡೆಸು. ಮುಳ್ಳನ್ನು ಹಿಂದಕ್ಕೆ ಮಾತ್ರ ತಿರುಗಿಸಬೇಡ.

ಫೋನು ಮಾಡಬೇಡ, ಬರೆ. ಈ ಊರಿನ ಫೋನಿಗೆ ಏನು ಬಂದಿದೆಯೋ, ಮಾತಾಡುವವರೆಲ್ಲ ಬಿಂದಿಗೆಯೊಳಗೆ ತಲೆಯಿಟ್ಟ ಹಾಗೆ ಕೇಳಿಸುತ್ತದೆ. ಕಂಪನಿಯವರು ಬಂದು ‘ಲೈನು ಸರಿಯಿದೆ ಮೇಡಂ’ ಎಂದು ಗೊಣಗಿ ಹೋದರು. ಅವರೂ ಗೊಣಗುವವರೇ.

ಮುಳ್ಳಿನ ಮೇಲೆ ಕೂತಿರುವ,
ಅಕ್ಕ


ಮಾರ್ಚ್ ೧೫

ಅಕ್ಕಾ,

ಗಡಿಯಾರ ಸಿಕ್ಕಿತು. ಇದನ್ನು ಮೊದಲೇ ಬರೆದೆ, ಇಲ್ಲವಾದರೆ ನೀನು ಉಳಿದದ್ದನ್ನು ಓದದೆ ಹರಿದು ಹಾಕುತ್ತೀಯ. ಮಂಡಿ ವಾಸಿಯಾಗಿದೆ. ಕೇಳದಿದ್ದರೂ ತಿಳಿಸಿದ್ದೇನೆ.

ಆ ಹೋಟೆಲನ್ನು ಕೆಡವುತ್ತಾರಂತೆ. ಕಡೆಯ ದಿನದವರೆಗೂ ಲಿಫ್ಟ್ ಓಡಲಿ ಎಂದು ನನ್ನನ್ನು ಮತ್ತೆ ಕರೆಸಿದ್ದರು. ಹೋಗುವಷ್ಟರಲ್ಲಿ ಮ್ಯಾನೇಜರು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಸಿಕ್ಕಿಹಾಕಿಕೊಂಡು, ಜಾಲರಿಯಿಂದ ಬರೀ ಬೂಟು ಕಾಣುತ್ತಿತ್ತು. ನಾನು ಬೂಟಿಗೆ ನಮಸ್ಕಾರ ಹೇಳಿದೆ.

“ಏನಯ್ಯಾ ನೋಡ್ತಾ ನಿಂತಿದ್ದೀಯ, ಇಳಿಸು!”

“ಇಳಿಸ್ತೀನಿ ಸಾರ್. ಆ ಮೇಜಿನ ಹಿಂದಿರೋ ಗಡಿಯಾರ ಯಾರದು ಸಾರ್?”

“ಗಡಿಯಾರ ಕೇಳೋ ಹೊತ್ತೇನಯ್ಯಾ ಇದು?”

“ಹೊತ್ತು ಕೇಳೋಕೇ ಅಲ್ವಾ ಸಾರ್ ಗಡಿಯಾರ ಇರೋದು.”

“ತಗೊಂಡು ಹೋಗು! ಅದು ಕೂತಿರೋ ಹಲಗೇನೂ ತಗೊಂಡು ಹೋಗು! ಮೊದ್ಲು ನನ್ನ ಇಳಿಸು ಮಾರಾಯ!”

ಇಳಿಸಿದ ಮೇಲೆ ನನಗೇ ಸಂಕೋಚವಾಯಿತು. ನೇತಾಡುತ್ತಿರುವವನ ಮಾತಿಗೆ ಬೆಲೆಯುಂಟೇ? ನೆಲದ ಮೇಲೆ ನಿಂತು ಮತ್ತೊಮ್ಮೆ ಕೇಳಿದೆ. ಅವರು ಬೆವರು ಒರೆಸಿಕೊಂಡು ನಕ್ಕುಬಿಟ್ಟರು. “ಕೆಡವೋರ ಕೈಗೆ ಸಿಗೋ ಬದಲು ಕೇಳೋರ ಕೈಗೆ ಸಿಗಲಿ ಬಿಡಪ್ಪ” ಎಂದು ತಾವೇ ಇಳಿಸಿಕೊಟ್ಟರು.

ನಿನ್ನ ಪರೀಕ್ಷೆಯಲ್ಲಿ ಅದು ಪಾಸು. ಮೊನಚು ಕಂಬ ಎರಡು. ಒಳಗೆ ಕಂದು ಕಾಗದವಿದೆ, ‘ಕನೆಕ್ಟಿಕಟ್’ ಎಂಬ ಅಮೆರಿಕದ ರಾಜ್ಯದ ಹೆಸರು ಹೇಗೋ ಓದಲು ಬರುತ್ತದೆ. ಗಾಜಿನ ಮೇಲಿನ ಚಿತ್ರ ಏನು ಗೊತ್ತೇ? ಬಲೂನು! ಕೆಂಪು ಹಳದಿ ಪಟ್ಟೆಯ ದೊಡ್ಡ ಬಲೂನು, ಕೆಳಗೆ ಬುಟ್ಟಿ, ಬುಟ್ಟಿಯಲ್ಲಿ ಟೋಪಿ ಬೀಸುತ್ತಿರುವ ಇಬ್ಬರು. ನೋಡುತ್ತ ನಿಂತುಬಿಟ್ಟೆ. ಲಿಫ್ಟ್ ಕೆಲಸದವನಿಗೆ ಇದಕ್ಕಿಂತ ಚೆಂದದ ಚಿತ್ರ ಯಾರು ಬರೆದಾರು? ಹಗ್ಗವಿಲ್ಲ, ತೂಕದ ಕಲ್ಲಿಲ್ಲ, ಜಾಲರಿಯಿಲ್ಲ, ಸಿಕ್ಕಿಹಾಕಿಕೊಂಡು ಕೂಗುವ ಮ್ಯಾನೇಜರಿಲ್ಲ. ಸುಮ್ಮನೆ ಮೇಲೆ ಹೋಗುತ್ತಿದ್ದಾರೆ.

ಬಾಡಿಗೆ ಕೋಣೆ ನಾಲ್ಕನೇ ಮಹಡಿಯಲ್ಲಿದೆ ಎಂದು ನಿನಗೆ ಗೊತ್ತಲ್ಲ. ಲಿಫ್ಟ್ ಮೆಕ್ಯಾನಿಕ್ಕಿನ ಕಟ್ಟಡಕ್ಕೇ ಲಿಫ್ಟಿಲ್ಲ. ಮಗುವಿನ ಹಾಗೆ ಎದೆಗೆ ಒರಗಿಸಿಕೊಂಡು ಹತ್ತಿದೆ. ಹೇಗೆ ಕಳಿಸಬೇಕು, ಬರೆ.

ತಮ್ಮ


ಮಾರ್ಚ್ ೨೧

ತಮ್ಮಾ, ತಮ್ಮಾ, ನನ್ನ ಅಪ್ಪಟ ಬಂಗಾರದ ತಮ್ಮಾ!

ಬಲೂನು! ನಿನ್ನ ಪತ್ರವನ್ನು ಒಂಬತ್ತು ಗಡಿಯಾರಗಳಿಗೂ ಗಟ್ಟಿಯಾಗಿ ಓದಿ ಹೇಳಿದೆ. ಟೋಪಿವಾಲನಿಗೆ ಸ್ವಲ್ಪ ಹೊಟ್ಟೆಕಿಚ್ಚಾದ ಹಾಗಿದೆ, ಹತ್ತು ನಿಮಿಷ ಹಿಂದೆ ಬಿದ್ದಿದ್ದಾನೆ. ಹೂವಿನ ಚಿತ್ರ ನೋಡಿದ್ದೇನೆ, ಮನೆಯ ಚಿತ್ರ ನೋಡಿದ್ದೇನೆ, ಬಲೂನಿನದನ್ನು ಪುಸ್ತಕದಲ್ಲಿ ಮಾತ್ರ. ಈ ಸುದ್ದಿ ಹಲ್ಲು ಡಾಕ್ಟರಿಗೆ ತಿಳಿದರೆ ತಮ್ಮ ಹಲ್ಲನ್ನು ತಾವೇ ಕಿತ್ತುಕೊಳ್ಳುತ್ತಾರೆ. ನೀನು ಸುಮ್ಮನಿರು, ಹೇಳುವ ಸುಖ ನನಗಿರಲಿ.

ಪ್ಯಾಕಿಂಗ್ ಬಗ್ಗೆ ಕಿವಿಗೊಡು. ಮೊದಲು ಲೋಲಕ ಕಳಚಿ ಬೇರೆ ಸುತ್ತು. ಒಳಗೇ ಬಿಟ್ಟರೆ ದಾರಿಯುದ್ದಕ್ಕೂ ಗಾಜಿಗೆ ಬಡಿದು, ನನಗೆ ಬಲೂನು ಹೋಗಿ ಬರೀ ಗಾಳಿ ತಲುಪೀತು. ಗೋಪುರದ ತುದಿಗಳಿಗೆ ಹತ್ತಿಯ ಟೋಪಿ ಹಾಕು. ಗಾಜನ್ನು ಒರೆಸಬೇಡ, ನಿನ್ನ ಸ್ವಚ್ಛತೆಯ ಹುಚ್ಚು ನನಗೆ ಗೊತ್ತು. ಹಿಂಬದಿಯ ಬಣ್ಣಕ್ಕೆ ನೀರು ಸೋಕಿದರೆ ಒಣ ಸಿಪ್ಪೆಯ ಹಾಗೆ ಎದ್ದುಬರುತ್ತದೆ. ಮರದ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದು ಕಳಿಸು.

ಇಲ್ಲಿ ಇನ್ನೊಂದು ರಗಳೆ. ಮೇಲಿನ ಮನೆಯ ನರ್ಸಮ್ಮ ಇಳಿದು ಬಂದಿದ್ದಳು.

“ಮೇಡಂ, ರಾತ್ರಿ ಡ್ಯೂಟಿ ಮುಗಿಸಿ ನಾನು ಹಗಲು ಮಲಗೋದು. ನಿಮ್ಮ ಮನೇಲಿ ಹನ್ನೆರಡು ಗಂಟೆ ಆಗೋಕೆ ಎಷ್ಟು ಹೊತ್ತು ಬೇಕು?”

“ಎಲ್ಲರ ಮನೇಲಿ ಬೇಕಾದಷ್ಟೇ ಕಣಮ್ಮ.”

“ಇಲ್ಲ ಮೇಡಂ. ಎಲ್ಲರ ಮನೇಲಿ ಒಂದು ಸಲ ಆಗುತ್ತೆ, ನಿಮ್ಮ ಮನೇಲಿ ಒಂಬತ್ತು ಸಲ ಆಗುತ್ತೆ. ಈಗೀಗಂತೂ ಪಾತ್ರೆ ಅಂಗಡಿ ಮೇಲೆ ಬಂಡೆ ಉರುಳಿದ ಹಾಗಿದೆ.”

ನೋಡು ಅನ್ಯಾಯ! ನಿಜ ಹೇಳಬೇಕೆಂದರೆ ನನ್ನ ಗಡಿಯಾರಗಳಿಗೆ ವಯಸ್ಸಾಗಿ ಗಂಟಲು ಕಟ್ಟಿದೆ. ಅಡುಗೆಮನೆ ಅಜ್ಜಿಯ ಗಂಟೆ ಕೇಳಿಸುವುದೇ ಕಷ್ಟ. ಹೋದ ವಾರ ಅವಳ ಸುತ್ತಿಗೆಯ ಕಡ್ಡಿಯನ್ನು ಬಗ್ಗಿಸಿ ತಂತಿಗೆ ಇನ್ನಷ್ಟು ಹತ್ತಿರ ತಂದೆ. ಆಮೇಲೆ ಉಳಿದವಕ್ಕೂ. ಅಷ್ಟಾದರೂ ನನಗೆ ಸಮಾಧಾನವಿಲ್ಲ, ಇವಳಿಗೆ ನಿದ್ದೆಯಿಲ್ಲ. ನಮ್ಮಿಬ್ಬರ ನಡುವಿನ ಗಡಿ ಯಾರದು ಎಂಬುದೇ ಈಗ ಗಡಿಯಾರದ ಸಮಸ್ಯೆ.

ಗೂಡು ತೆರವು ಮಾಡಿದ್ದೇನೆ. ಕಿಟಕಿಯ ಪಕ್ಕದ್ದೇ, ಎಲ್ಲಕ್ಕಿಂತ ಮೇಲಿನದು.

ಅಕ್ಕ


ಏಪ್ರಿಲ್ ೯

ಅಕ್ಕಾ,

ತಡವಾಯಿತು, ಬೈಯಬೇಡ. ಅಳತೆಗೆ ಸರಿಯಾದ ಪೆಟ್ಟಿಗೆ ಈ ಊರಿನಲ್ಲಿ ಸಿಗುತ್ತಿಲ್ಲ. ಒಂದು ಸಿಕ್ಕಿತ್ತು, ಅದರಲ್ಲಿ ಹಿಂದೆ ಸೋಪು ಇಟ್ಟಿದ್ದರು. ನಿನ್ನ ಗಡಿಯಾರಕ್ಕೆ ಸೋಪಿನ ವಾಸನೆ ಹಿಡಿಯಬಾರದಲ್ಲ. ಇನ್ನೊಂದು ತುಂಬ ದೊಡ್ಡದು. ಮೂರನೆಯದರ ಬಡಗಿ ಊರಿಗೆ ಹೋಗಿದ್ದಾನೆ.

ಒಮ್ಮೆ ಕೀ ಕೊಟ್ಟು ನೋಡಿದೆ. ಪರೀಕ್ಷೆಗೆ ಮಾತ್ರ. ಕೆಟ್ಟದ್ದನ್ನು ಕಳಿಸಿ ನಿನ್ನಿಂದ ಬೈಸಿಕೊಳ್ಳುವುದು ಬೇಡವೆಂದು. ಕೀ ತೂತು ಎರಡಿವೆ. ಒಂದು ನಡೆಯುವುದಕ್ಕೆ, ಒಂದು ಹೊಡೆಯುವುದಕ್ಕೆ ಎಂದು ನಿಧಾನವಾಗಿ ತಿಳಿಯಿತು. ಮೂರು ಗಂಟೆಗೆ ಆರು ಹೊಡೆಯಿತು. ನೀನು ಹೇಳಿದ ತಂತಿಯನ್ನು ಎತ್ತಿ ಬಿಟ್ಟೆ. ಏಳು ಎಂದಿತು, ಎಂಟು ಎಂದಿತು, ಒಂದು ಸುತ್ತು ಬಂದು ಮೂರಕ್ಕೆ ನಿಂತು ನನ್ನ ಮುಖ ನೋಡಿತು. ನಾನು ಜೋರಾಗಿ ನಕ್ಕುಬಿಟ್ಟೆ. ಈ ಕೋಣೆಯಲ್ಲಿ ನಾನೊಬ್ಬನೇ ಇದ್ದು ನಕ್ಕದ್ದು ಯಾವಾಗ ಎಂದು ಆಮೇಲೆ ಯೋಚಿಸಿದೆ.

ನಾದದ ವಿಷಯ ನೀನು ಹೇಳಿದ್ದು ನಿಜ. ಸಂಜೆ ಬಂದು ಬೂಟು ಬಿಚ್ಚುವಾಗ ಅದು ಟಿಕ್ ಟಿಕ್ ಅನ್ನುತ್ತಿದ್ದರೆ, ‘ಬಂದೆಯಾ, ಕೂತುಕೋ’ ಅಂದ ಹಾಗಿರುತ್ತದೆ. ಇರುತ್ತಿತ್ತು ಅನ್ನಬೇಕು. ಪರೀಕ್ಷೆ ಮುಗಿಯಿತು, ನಿಲ್ಲಿಸಿದ್ದೇನೆ.

ಮಳೆ ಬೇರೆ ಬರುವ ಹಾಗಿದೆ. ಮಳೆಯಲ್ಲಿ ಗಾಜಿನ ಸಾಮಾನು ಕಳಿಸಬಾರದಂತೆ.

ತಮ್ಮ


ಏಪ್ರಿಲ್ ೧೬

ತಮ್ಮಾ,

ಸೋಪಿನ ವಾಸನೆಯಂತೆ! ಬಡಗಿ ಊರಿಗೆ ಹೋದನಂತೆ! ಪಾರ್ಸೆಲು ಲಾರಿಗೆ ಚಾವಣಿಯೇ ಇಲ್ಲವೇನೋ, ಮಳೆಗೆ ಹೆದರಲು? ಪರೀಕ್ಷೆಯಲ್ಲಿ ನಕಲು ಮಾಡುವ ಹುಡುಗರ ಮುಖ ಇಷ್ಟು ವರ್ಷ ನೋಡಿದ್ದೇನೆ. ನಿನ್ನ ಪತ್ರಕ್ಕೆ ಅದೇ ಮುಖವಿದೆ.

ಹಲ್ಲು ಡಾಕ್ಟರು ನಿನ್ನ ಊರಿಗೆ ಹೋಗಿ ಬಂದರಂತೆ. ದಂತವೈದ್ಯರ ಸಮ್ಮೇಳನವಂತೆ. ಯಾರ ಬಾಯನ್ನಾದರೂ ಬಿಡಿಸುವುದೇ ಅವರ ಕಸುಬು. ನಿನ್ನ ಬಾಯಿ ಬಿಡಿಸಿದರೇ? ಬಲೂನಿನ ಸುದ್ದಿ ಸಿಕ್ಕಿತೇ? ಹೋದ ಭಾನುವಾರ ನಮ್ಮ ಮನೆಗೆ ಬಂದಿದ್ದರು. ಸರಿಯಾಗಿ ಹನ್ನೆರಡಕ್ಕೆ ನನ್ನವೆಲ್ಲ ಹೊಡೆಯತೊಡಗಿದವು. ಡಾಕ್ಟರು ಕುರ್ಚಿಯಿಂದ ಎದ್ದು ನಿಂತು, ನನ್ನನ್ನೇ ಒಂದು ಥರಾ ನೋಡಿ, ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು ಹೋದರು. ಗುಟ್ಟು ಇರುವವರ ಲಕ್ಷಣ ಅದು.

ನನ್ನ ಪಾಡು ಕೇಳಬೇಡ. ಕ್ಲಾಸಿನಲ್ಲಿ ಹುಡುಗಿಯರೆಲ್ಲ ಗೊಣಗುವ ಕಲೆ ಕಲಿತಿದ್ದಾರೆ, ಒಂದು ಪ್ರಶ್ನೆಯನ್ನು ಮೂರು ಸಲ ಕೇಳಿಸಿಕೊಳ್ಳಬೇಕು. ಕುಕ್ಕರಿನ ವಿಷಲ್ಲೂ ಮುಷ್ಕರ ಹೂಡಿದೆ, ನೀರೆಲ್ಲ ಆರಿ ತಳ ಹತ್ತಿದಾಗಲೇ ನನಗೆ ತಿಳಿದದ್ದು. ಹೊಸ ವಿಷಲ್ ತಂದೆ, ಅದೂ ಹಾಗೇ. ಎಲ್ಲಕ್ಕಿಂತ ದೊಡ್ಡ ಅದ್ಭುತ ನಮ್ಮ ಕರಿಕಂಬ. ಅವನು ಟಿಕ್ ಅನ್ನುವುದನ್ನೇ ಬಿಟ್ಟಿದ್ದಾನೆ ಕಣೋ! ಮುಳ್ಳು ಓಡುತ್ತಿದೆ, ಲೋಲಕ ಆಡುತ್ತಿದೆ, ಸದ್ದು ಮಾತ್ರ ಇಲ್ಲ. ಮೌನವ್ರತ. ಸದ್ದಿಲ್ಲದೆ ಸೇವೆ ಮಾಡುವವರು ಕಾಲೇಜಿನಲ್ಲಿ ಸಿಗಲಿಲ್ಲ, ಮನೆಯಲ್ಲಾದರೂ ಒಬ್ಬ ಸಿಕ್ಕಿದ.

ಗಡಿಯಾರ ಕಳಿಸು. ಇಲ್ಲವೇ ಒಡೆದಿದ್ದರೆ ಒಡೆಯಿತು ಅನ್ನು. ನಾನು ಎಲ್ಲಕ್ಕೂ ಸಿದ್ಧ.

ಅಕ್ಕ


ಏಪ್ರಿಲ್ ೨೩

ಅಕ್ಕಾ,

ಒಡೆದಿಲ್ಲ. ಹಲ್ಲು ಡಾಕ್ಟರನ್ನು ನಾನು ನೋಡಿಯೇ ಇಲ್ಲ. ಅದೆಲ್ಲ ಬಿಡು. ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಹಳೆಯವನ್ನೂ ತೆಗೆದು ಓದಿದೆ. ಒಂದು ಕಥೆ ಹೇಳುತ್ತೇನೆ, ಕೋಪ ಮಾಡಿಕೊಳ್ಳಬಾರದು.

ನನ್ನ ಕೆಲಸದ ಹೊಸದರಲ್ಲಿ ಒಬ್ಬ ಯಜಮಾನರು ‘ನಮ್ಮ ಮಹಡಿಯ ಲಿಫ್ಟ್ ಬೆಲ್ಲು ಕೆಟ್ಟಿದೆ’ ಎಂದು ದೂರು ಕೊಟ್ಟರು. ಬೆಲ್ಲು ಬದಲಾಯಿಸಿದೆ. ಮತ್ತೆ ದೂರು. ಇನ್ನೂ ದೊಡ್ಡ ಬೆಲ್ಲು ಹಾಕಿದೆ. ಮತ್ತೆ ದೂರು. ಶಾಲೆಯ ಬೆಲ್ಲಿನಂಥದ್ದೊಂದನ್ನು ಹೊತ್ತುಕೊಂಡು ಹೋದಾಗ ಒಳಗಿಂದ ಅವರ ಹೆಂಡತಿ ಬಂದು ಕೈ ಮುಗಿದರು. “ಬೆಲ್ಲು ಚೆನ್ನಾಗೇ ಇದೆ ಕಣಪ್ಪ. ಕೆಟ್ಟಿರೋದು ನಮ್ಮನೆಯವರ ಕಿವಿ. ಹೇಳಿದ್ರೆ ನನ್ನ ಮೇಲೇ ಹಾರಾಡ್ತಾರೆ, ನೀನಾದ್ರೂ ಹೇಳು.”

ಅಕ್ಕಾ, ಗಡಿಯಾರ ನಡೆದರೆ ಸದ್ದು ಮಾಡಲೇಬೇಕು. ಹಲ್ಲಿಗೆ ಕೊಕ್ಕೆ ಬಡಿಯದೆ ಚಕ್ರ ಮುಂದಕ್ಕೆ ಹೋಗುವುದಿಲ್ಲ, ಆ ಬಡಿತವೇ ಟಿಕ್. ನನಗಿಂತ ನಿನಗೇ ಇದು ಚೆನ್ನಾಗಿ ಗೊತ್ತು. ಕರಿಕಂಬನ ಬೆನ್ನಿನ ಮೇಲೆ ಅಂಗೈ ಇಡು. ಬೆರಳಿಗೆ ಬಡಿತ ಸಿಕ್ಕರೆ ಅವನು ಮೌನವ್ರತ ಮಾಡುತ್ತಿಲ್ಲ. ಫೋನು, ಕುಕ್ಕರು, ಕ್ಲಾಸಿನ ಹುಡುಗಿಯರು, ಒಂಬತ್ತು ಗಡಿಯಾರ, ಎಲ್ಲವೂ ಒಟ್ಟಿಗೇ ಕೆಡುತ್ತವೆಯೇ?

ಮೇಲಿನ ಮನೆಯ ನರ್ಸಮ್ಮ ಆಸ್ಪತ್ರೆಯವಳು. ಅವಳ ಜೊತೆ ಒಂದು ಸಲ ಹೋಗಿ ಬಾ. ಗೋಪುರದ ಗಂಟೆಯನ್ನು ಕಿವಿಯಾರೆ ಕೇಳಬೇಕು ಎಂದವಳು ನೀನು. ಅದಕ್ಕೇ ಬರೆದೆ.

ಗಡಿಯಾರಕ್ಕೆ ಪೆಟ್ಟಿಗೆ ಸಿಕ್ಕಿದೆ. ಒಳಗಿಟ್ಟು ಮೊಳೆ ಹೊಡೆದಿದ್ದೇನೆ.

ತಮ್ಮ


ಏಪ್ರಿಲ್ ೨೮

ಮಾನ್ಯ ಲಿಫ್ಟ್ ತಜ್ಞರಿಗೆ,

ತಮ್ಮ ಪತ್ರ ತಲುಪಿತು. ತಾವು ಇದ್ದಕ್ಕಿದ್ದಂತೆ ವೈದ್ಯರೂ ಆಗಿರುವುದಕ್ಕೆ ಅಭಿನಂದನೆಗಳು. ಗಡಿಯಾರ ಕಳಿಸಲು ಮನಸ್ಸಿಲ್ಲದವರು ಕಿವಿಯ ನೆಪ ಹೇಳಿದ್ದನ್ನು ಲೋಕದಲ್ಲಿ ಮೊದಲ ಬಾರಿಗೆ ನೋಡುತ್ತಿದ್ದೇನೆ. ನನ್ನ ಕಿವಿಯ ಮೇಲೆ ಹೂವಿಡಲು ಬರಬೇಡಿ. ಅಷ್ಟು ದೂರದಿಂದ ತಾವು ಹೇಳುವ ಸುಳ್ಳು ಕೇಳಿಸುವಷ್ಟು ಅದು ಚುರುಕಾಗಿದೆ.

ಗೂಡು ಖಾಲಿಯಿದೆ. ಇನ್ನು ಬರೆಯುವ ಅಗತ್ಯವಿಲ್ಲ.

ತಮ್ಮ ಹಿರಿಯ ಸೋದರಿ


ಮೇ ೨೦

ಅಕ್ಕಾ,

ಎರಡು ಪತ್ರ ಬರೆದೆ, ಉತ್ತರವಿಲ್ಲ. ಫೋನು ಮಾಡಿದೆ. ನೀನು ಎತ್ತಿಕೊಂಡು ‘ಯಾರು? ಯಾರು?’ ಎಂದು ಇಟ್ಟುಬಿಟ್ಟೆ. ನಾನು ಕೂಗುತ್ತಲೇ ಇದ್ದೆ. ಕೆಳಗಿನ ಮಹಡಿಯವರು ಬಂದು ವಿಚಾರಿಸಿದರು.

ನಾನು ಬರೆದದ್ದು ತಪ್ಪಾಗಿದ್ದರೆ ಬೈದು ಬರೆ. ‘ತಾವು’ ಅನ್ನಬೇಡ. ನೀನು ಬೈದರೆ ನನಗೆ ಊಟ ಸೇರುತ್ತದೆ, ಬಹುವಚನ ಹಾಕಿದರೆ ಸೇರುವುದಿಲ್ಲ.

ನಿನ್ನ ಗಡಿಯಾರದ ಬಗ್ಗೆ ಚಿಂತೆ ಬೇಡ. ಪೆಟ್ಟಿಗೆಯಲ್ಲಿ ಭದ್ರವಾಗಿದೆ, ನಾಲ್ಕೂ ಮೂಲೆಗೆ ಮೊಳೆ ಹೊಡೆದಿದೆ. ವಾರಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ, ಅಷ್ಟೇ. ನೀನು ಹೂಂ ಅಂದ ದಿನವೇ ಕಳಿಸುತ್ತೇನೆ. ನಿಜವಾಗಿ ಕಳಿಸುತ್ತೇನೆ.

ತಮ್ಮ


ಜೂನ್ ೧೧

ಲೋ ತಮ್ಮಾ,

ಎಲ್ಲಿಂದ ಶುರು ಮಾಡಲಿ? ಈಗ ಈ ಕಾಗದದ ಮೇಲೆ ಪೆನ್ನು ಓಡುತ್ತಿದೆಯಲ್ಲ, ಅದಕ್ಕೆ ಸದ್ದಿದೆ ಕಣೋ! ಕರಕರ ಅನ್ನುತ್ತದೆ! ನಿನಗೆ ಗೊತ್ತಿತ್ತೇ? ಗೊತ್ತಿದ್ದೂ ಯಾರೂ ನನಗೆ ಹೇಳಲಿಲ್ಲ!

ನಿನಗೆ ಆ ಕೆಟ್ಟ ಪತ್ರ ಬರೆದು, ಕರಿಕಂಬನನ್ನು ಮುಟ್ಟುವುದಿಲ್ಲ ಎಂದು ಶಪಥ ಮಾಡಿದೆ. ಮೂರು ವಾರ ಅವನ ಮುಂದೆ ಕೈ ಕಟ್ಟಿಕೊಂಡೇ ಓಡಾಡಿದೆ. ಕಡೆಗೊಂದು ದಿನ ಧೂಳು ಹೊಡೆಯುವ ನೆಪದಲ್ಲಿ ಬೆನ್ನಿಗೆ ಅಂಗೈ ಇಟ್ಟೆ. ಗುಬ್ಬಚ್ಚಿಯನ್ನು ಹಿಡಿದ ಹಾಗೆ ಕೈಯೊಳಗೆ ಬಡಿಯುತ್ತಿದ್ದ. ತಪ್ಪದೆ, ಪಾಪ, ಒಂದೇ ಸಮನೆ. ನಾನು ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಕಿವಿಯಿಂದ ಕೊಳ್ಳುವವಳು ಎಂದು ಊರಿಗೆಲ್ಲ ಸಾರಿದವಳು ನಾನು. ಒಂಬತ್ತು ಗಡಿಯಾರದ ಸುತ್ತಿಗೆ ಬಗ್ಗಿಸಿದೆನೇ ಹೊರತು, ಒಂದು ಸಲ ತಲೆ ಬಗ್ಗಿಸಲಿಲ್ಲ.

ನರ್ಸಮ್ಮನ ಬಾಗಿಲು ತಟ್ಟಿದೆ. “ಜಗಳಕ್ಕಾದ್ರೆ ನಾಳೆ ಬನ್ನಿ ಮೇಡಂ, ನಿದ್ದೆ ಬರ್ತಿದೆ” ಅಂದಳು. ವಿಷಯ ಹೇಳಿದೆ. ಚಪ್ಪಲಿ ಮೆಟ್ಟಿ ಹೊರಟಳು. ಕಿವಿ ಡಾಕ್ಟರ ಬಾಗಿಲಲ್ಲಿ ಸರದಿಗೆ ಕೂತಿದ್ದರೆ, ಎದುರಿನ ಬೆಂಚಿನಲ್ಲಿ ಯಾರು? ಹಲ್ಲು ಡಾಕ್ಟರು! ನಾನು ಪತ್ರಿಕೆಯಲ್ಲಿ ಮುಖ ಮುಚ್ಚಿಕೊಂಡೆ. ಅವರು ಪತ್ರಿಕೆ ಇಳಿಸಿ, ಕೂದಲು ಸರಿಸಿ, ಕಿವಿಯ ಹಿಂದೆ ಅವರೆಬೀಜದಷ್ಟು ದೊಡ್ಡ ಯಂತ್ರ ತೋರಿಸಿದರು.

“ಎಷ್ಟೋ ವರ್ಷದಿಂದ ಆ ಹಲ್ಲು ಕೊರೆಯೋ ಮೆಷಿನ್ ಜೊತೆ ಸಂಸಾರ ಮಾಡಿದೀನಿ ಮೇಡಂ. ಕಿವಿ ಉಳಿಯುತ್ತಾ? ಅವತ್ತು ನಿಮ್ಮನೆ ಸುತ್ತಿಗೆ ಏಟು ಕೇಳಿದಾಗಲೇ ಗೊತ್ತಾಯ್ತು, ನೀವೂ ನಮ್ಮ ಪಾರ್ಟಿ ಅಂತ. ಹೇಳೋಕೆ ಧೈರ್ಯ ಬರಲಿಲ್ಲ.”

“ನನ್ನ ಕಂಡ್ರೆ ನಿಮಗೆ ಅಷ್ಟು ಭಯಾನಾ?”

“ನಿಮ್ಮ ಕೈಲಿ ಆಗ ಸ್ಕ್ರೂಡ್ರೈವರ್ ಇತ್ತಲ್ಲ ಮೇಡಂ.”

ಅವರ ಗುಟ್ಟೂ ಆಗಲೇ ಹೊರಬಿತ್ತು. ಯಂತ್ರ ಹಾಕಿಸಿಕೊಂಡ ಮೇಲೆ, ಅಂಗಡಿಯೊಳಗಿನ ಟಿಕ್ ಟಿಕ್ ಅವರಿಗೆ ಬೀದಿಯಿಂದಲೇ ಕೇಳಿಸುತ್ತದಂತೆ. ನನಗಿಂತ ಮುಂಚೆ ಹೋಗಿ ಹಲ್ಲು ಕಿರಿಯುತ್ತಿದ್ದದ್ದು ಹೀಗೆ! ಕಣ್ಣಿನಿಂದ ಕೊಳ್ಳುವವರು ಎಂದುಕೊಂಡಿದ್ದೆನಲ್ಲ, ಕಳ್ಳ, ಅವರೂ ಕಿವಿಯಿಂದಲೇ.

ಈಗ ನನಗೂ ಎರಡು ಅವರೆಬೀಜ ಮೊಳೆತಿವೆ. ಹಾಕಿಸಿಕೊಂಡು ಮನೆಗೆ ನಡೆದು ಬಂದೆ. ಕೈಯಲ್ಲಿದ್ದ ಕಾಗದದ ಚೀಲ ಎಷ್ಟು ಮಾತಾಡುತ್ತದೆ! ನನ್ನ ಚಪ್ಪಲಿಗೆ ಒಂದು ರಾಗವಿದೆ, ಎಡಗಡೆಯದು ಸ್ವಲ್ಪ ಅಪಸ್ವರ. ಬಾಗಿಲು ತೆಗೆದರೆ ಒಳಗೆಲ್ಲ ಟಿಕ್ ಟಿಕ್ ಟಿಕ್, ಒಂಬತ್ತು ಜನ ಒಟ್ಟಿಗೇ ಹರಟುತ್ತ ಕೂತಿದ್ದಾರೆ. ನಾನಿಲ್ಲದಾಗ ಮಾತಾಡಿದ್ದಲ್ಲ, ನಾನಿದ್ದಾಗಲೂ ಇಷ್ಟು ದಿನ ಮಾತಾಡುತ್ತಲೇ ಇದ್ದರು. ಒಂದು ಗಡಿಯಾರವನ್ನೂ ಕೊಳ್ಳದೆ ಒಂಬತ್ತು ಹೊಸ ಗಡಿಯಾರ ಬಂದವು ನನಗೆ.

ಆಮೇಲೆ ಹನ್ನೆರಡಾಯಿತು.

ತಮ್ಮಾ, ಅದನ್ನು ವರ್ಣಿಸಲಾರೆ. ಪಾತ್ರೆ ಅಂಗಡಿ, ಬಂಡೆ, ಎಲ್ಲ ನಿಜ. ಅಜ್ಜಿ ಹೊಡೆದ ಮೊದಲ ಪೆಟ್ಟಿಗೇ ನಾನು ಕಿರುಚಿ ಸೋಫಾದ ಹಿಂದೆ ಅಡಗಿದೆ. ಉಳಿದವರ ಸರದಿ ಮುಗಿಯುವವರೆಗೆ ಅಲ್ಲೇ ಇದ್ದು, ನೇರ ಮೇಲೆ ಓಡಿ ನರ್ಸಮ್ಮನ ಎರಡೂ ಕೈ ಹಿಡಿದುಕೊಂಡೆ. “ಇದನ್ನ ಇಷ್ಟು ದಿನ ಸಹಿಸಿಕೊಂಡ್ಯೇನಮ್ಮಾ?” ಅವಳು ಅರೆನಿದ್ದೆಯಲ್ಲೇ ಹೇಳಿದಳು, “ಮೇಡಂ, ಮೆಲ್ಲಗೆ ಮಾತಾಡಿ. ಈಗ ನಿಮಗೂ ಕೇಳಿಸುತ್ತಲ್ಲ.” ಸಂಜೆಯೊಳಗೆ ಒಂಬತ್ತೂ ಸುತ್ತಿಗೆಗಳನ್ನು ಹಿಂದಕ್ಕೆ ಬಗ್ಗಿಸಿದೆ. ಈಗ ಎಲ್ಲರೂ ಸಭ್ಯರು.

ನಿನ್ನ ಮೇಲೆ ಹಾರಾಡಿದೆ. ಏಕವಚನದಲ್ಲಿ, ಗಟ್ಟಿಯಾಗಿ, ಮನಸ್ಸಾರೆ ಬೈದಿದ್ದೇನೆ ಎಂದು ತಿಳಿದು ಹೊಟ್ಟೆ ತುಂಬ ಉಣ್ಣು. ಪೆಟ್ಟಿಗೆ ಹಾಗೇ ಇರಲಿ, ಕಳಿಸಬೇಡ. ಆ ಮೊಳೆಗಳಿಗೆ ನನ್ನ ವಿಶೇಷ ನಮಸ್ಕಾರ ತಿಳಿಸು. ರಜೆಯಲ್ಲಿ ನಾನೇ ಬರುತ್ತೇನೆ.

ಅಕ್ಕ


ಜೂನ್ ೧೮

ಅಕ್ಕಾ,

ನಿನ್ನ ಪತ್ರವನ್ನು ಯಾರಿಗೆ ಓದಿ ಹೇಳಿದೆ ಎಂದು ಕೇಳಬೇಡ. ಇಲ್ಲಿ ಯಾರಿದ್ದಾರೆ ಕೇಳುವುದಕ್ಕೆ! ಒಬ್ಬನೇ ಕುಣಿದೆ. ಮಂಡಿ ಮತ್ತೆ ನೋಯುತ್ತಿದೆ, ಈ ಸಲ ಲೆಕ್ಕಕ್ಕಿಲ್ಲ.

ಧಾರಾಳವಾಗಿ ಬಾ. ಆದರೆ ಯಾವ ದಿನ, ಯಾವ ಹೊತ್ತು ಎಂದು ಮೊದಲೇ ತಿಳಿಸು. ಒಂದು ದಿನ ಮುಂಚೆ ತಿಳಿದರೂ ಸಾಕು. ಕೋಣೆ ಸ್ವಲ್ಪ ಅಚ್ಚುಕಟ್ಟು ಮಾಡಬೇಕು, ಮತ್ತೆ ಪೆಟ್ಟಿಗೆಯ ಮೊಳೆಗಳು ಸರಿಯಾಗಿವೆಯೋ ಇಲ್ಲವೋ ಒಮ್ಮೆ ನೋಡಬೇಕು. ತಿಳಿಸದೆ ಬರಬೇಡ. ನಾಲ್ಕು ಮಹಡಿ ಹತ್ತಿ ನಾನಿಲ್ಲದಿದ್ದರೆ ನಿನಗೇ ಕಷ್ಟ.

ತಮ್ಮ


ಜುಲೈ ೨, ನಿನ್ನ ಬಾಗಿಲ ಹೊರಗೆ

ತಮ್ಮಾ,

ನಿನ್ನದೇ ಪತ್ರದ ಹಿಂಬದಿಗೆ, ನಿನ್ನದೇ ಗೋಡೆಗೆ ಒತ್ತಿ ಬರೆಯುತ್ತಿದ್ದೇನೆ. ಬಾಗಿಲ ಕೆಳಗಿಂದ ತೂರಿಸುತ್ತೇನೆ. ಬೆಲ್ಲು ಒತ್ತಲಿಲ್ಲ, ಬೇಕೆಂದೇ. ಬೆಲ್ಲಿನ ಕಥೆ ನಮ್ಮಿಬ್ಬರಲ್ಲಿ ಸಾಕಷ್ಟಾಗಿದೆ.

ಮೂರನೇ ಮಹಡಿಯ ತಿರುವಿನಲ್ಲಿ ಉಸಿರಿಗೆಂದು ನಿಂತೆ. ಆಗ ಶುರುವಾಯಿತು. ಬಾವಿಯೊಳಗಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ. ಕಂಬಿ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಎಣಿಸಿದೆ. ಹನ್ನೊಂದು. ಒಂದೂ ತಪ್ಪಲಿಲ್ಲ, ಅದಕ್ಕೂ, ನನಗೂ. ಮೊಳೆ ಹೊಡೆದ ಪೆಟ್ಟಿಗೆಯೊಳಗಿಂದ ಇಷ್ಟು ಚೆನ್ನಾಗಿ ಹಾಡುವ ಗಡಿಯಾರವನ್ನು ನಾನು ಇದೇ ಮೊದಲು ಕೇಳುತ್ತಿರುವುದು.

ಆಮೇಲೆ ಮೇಲೆ ಬಂದು ಬಾಗಿಲಿಗೆ ಕಿವಿಯಿಟ್ಟೆ. “ಎರಡು ನಿಮಿಷ ತಡ ಕಣೇ, ಎಲ್ಲಿ ಹೋಗಿದ್ದೆ?” ಅಂದೆ ನೀನು ಗಡಿಯಾರಕ್ಕೆ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನೀನು ಗೊಣಗುವುದೇ ಇಲ್ಲ ಕಣೋ. ಒಂದೊಂದು ಅಕ್ಷರವೂ ಗಾಜಿನಷ್ಟು ಸ್ಪಷ್ಟ.

ಗಡಿಯಾರ ಒಯ್ಯಲು ಖಾಲಿ ಚೀಲ ತಂದಿಲ್ಲ, ಹುಡುಕಬೇಡ. ಒಂದು ಸಣ್ಣ ಸೀಸೆ ಎಣ್ಣೆ ತಂದಿದ್ದೇನೆ, ಕಳೆದುಹೋದರೆ ಇರಲಿ ಎಂದು ಇನ್ನೊಂದು ಕೀ ತಂದಿದ್ದೇನೆ. ಲೋಲಕದ ತಳದ ತಿರುಪನ್ನು ಒಂದಿಷ್ಟೇ ಮೇಲಕ್ಕೆ ಏರಿಸಿದರೆ ಅವಳ ಎರಡು ನಿಮಿಷ ಸರಿಹೋಗುತ್ತದೆ. ಹೇಗೆಂದು ತೋರಿಸುತ್ತೇನೆ, ಏರಿಸುವುದು ಇಳಿಸುವುದು ನಿನ್ನ ಕಸುಬೇ ತಾನೆ? ಬಲೂನು ಇಲ್ಲೇ ಇರಲಿ. ಲಿಫ್ಟಿಲ್ಲದ ಮನೆಗೆ ಅದೊಂದಾದರೂ ಬೇಕು. ನನ್ನ ಮೇಲಿನ ಗೂಡಿಗೆ ಕರಿಕಂಬನಿಗೆ ಬಡ್ತಿ ಕೊಟ್ಟು ಬಂದಿದ್ದೇನೆ.

ಹನ್ನೆರಡಾಗುವುದರೊಳಗೆ ಒಳಗೆ ಬರಬೇಕು ನನಗೆ. ಕೂತು ಕೇಳಬೇಕು, ಹನ್ನೆರಡೂ.

ಏನದು ಒಳಗೆ ದಡಬಡ? ಸುತ್ತಿಗೆ ಹುಡುಕುತ್ತಿದ್ದೀಯಾ? ಕೇಳಿಸುತ್ತಿದೆ ನನಗೆ, ಎಲ್ಲ ಕೇಳಿಸುತ್ತಿದೆ! ತೆಗೆಯೋ. ನೀನು ಮೊಳೆ ಹೊಡೆದದ್ದು ಪೆಟ್ಟಿಗೆಗೆ, ಬಾಗಿಲಿಗಲ್ಲ.

ಅಕ್ಕ